ಅಪ್ಪ ಕೇಳಿದ ಗಂಧಕದ ಲೆಕ್ಕ

ಕೊನೆಲ್ಯಾನೊ, ಇಟಲಿ
19 ನವೆಂಬರ್ 2024, ಮಂಗಳವಾರ, ರಾತ್ರಿ

ವೈನ್ ಮಾಡುವ ಪಾಠದಲ್ಲಿ ಮೇಷ್ಟ್ರು ಹಲಗೆಯ ಮೇಲೆ ಎರಡು ತೊಟ್ಟಿ ಬರೆದರು. ಎರಡರಲ್ಲೂ ಬಿಳಿ ವೈನ್, ಎರಡರಲ್ಲೂ ವೈನ್ ಕೆಡದಂತೆ ಕಾಯುವ ಮುಕ್ತ ಗಂಧಕದ ಡೈಆಕ್ಸೈಡ್ ಲೀಟರಿಗೆ 30 ಮಿಲಿಗ್ರಾಂ. ಒಂದರ ಪಿಎಚ್ (ಹುಳಿಯ ಅಳತೆ, ಅಂಕಿ ಏರಿದಷ್ಟೂ ಹುಳಿ ಕಡಿಮೆ) 3.2, ಇನ್ನೊಂದರದು 3.8. ಯಾವುದು ಕೆಡುತ್ತದೆ? ಗಂಧಕ ಸಮನಾಗಿರುವಾಗ ಎರಡೂ ಉಳಿಯುತ್ತವೆ ಎಂದು ಎಲ್ಲರಿಗಿಂತ ಮೊದಲು ಹೇಳಿದವಳು ನಾನು.

ತಪ್ಪು. ಸೂಕ್ಷ್ಮಜೀವಿಯ ಒಳಗೆ ನುಗ್ಗುವುದು ವಿದ್ಯುದಂಶ ಹೊತ್ತಿರದ ಅಣು ಮಾತ್ರ. ಉಳಿದದ್ದು ವಿದ್ಯುದಂಶ ಹೊತ್ತ ಬೈಸಲ್ಫೈಟ್ ಆಗಿ ಹೊರಗೇ ನಿಲ್ಲುತ್ತದೆ. 3.2ರಲ್ಲಿ ನೂರಕ್ಕೆ ನಾಲ್ಕು ಪಾಲು ಅಣುವಾಗಿರುತ್ತದೆ, 3.8ರಲ್ಲಿ ಒಂದೇ ಪಾಲು. ಬಿಳಿ ವೈನಿಗೆ ಲೀಟರಿಗೆ 0.8 ಮಿಲಿಗ್ರಾಂ ಅಣು ಬೇಕೆಂದರೆ ಮೊದಲ ತೊಟ್ಟಿಗೆ 20 ಮಿಲಿಗ್ರಾಂ ಸಾಕು, ಎರಡನೆಯದಕ್ಕೆ 80 ಬೇಕು. 0.6ರ ಅಂತರಕ್ಕೆ ನಾಲ್ಕು ಪಟ್ಟು! ಪಿಎಚ್ ಲೆಕ್ಕದ ಹಿಂದಿರುವ ಲಾಗರಿದಮ್ ಎಂಬುದನ್ನು ಪಿಯುಸಿಯಲ್ಲಿ ಬಾಯಿಪಾಠ ಮಾಡಿದ್ದೆ. ಇವತ್ತು ಅದರ ಭಾರ ತಿಳಿಯಿತು.

ಸಂಜೆ ಅಪ್ಪನಿಗೆ ಫೋನ್ ಮಾಡಿದೆ. ನಮ್ಮೂರು ತಿಕೋಟಾದಲ್ಲಿ ಆಗ ರಾತ್ರಿ ಒಂಬತ್ತು. ಬೆಳಿಗ್ಗೆ ಮಂಜು ಬಿದ್ದಿದೆಯಂತೆ. ಚಾಟ್ನಿ, ಅಂದರೆ ದ್ರಾಕ್ಷಿ ಬಳ್ಳಿ ಸವರುವುದು, ಆಗಿ ತಿಂಗಳಾಗಿದೆ, ಚಿಗುರು ಎಳೆಯದು, ಡೌನಿ ಎಂಬ ಬೂಜು ರೋಗದ ಭಯ. ಮೈಲುತುತ್ತ (ತಾಮ್ರದ ಸಲ್ಫೇಟ್), ಸುಣ್ಣ ತಂದಿಟ್ಟಿದ್ದಾರೆ. ನೂರು ಲೀಟರ್ ನೀರಿಗೆ ಒಂದೊಂದು ಕಿಲೋ, ಅವರ ಕೈಗೆ ತಪ್ಪದ ಲೆಕ್ಕ ಅದು. ಅದೇ ತಾಮ್ರ ಚಿಟಿಕೆಗಿಂತ ಕಡಿಮೆ ಪ್ರಮಾಣದಲ್ಲಿ ವೈನಿನ ಕೊಳೆತ ಮೊಟ್ಟೆಯ ವಾಸನೆಯನ್ನೂ ತೆಗೆಯುತ್ತದೆ ಎಂದೆ. ಅಪ್ಪ ಸ್ವಲ್ಪ ಹೊತ್ತು ಮಾತನಾಡಲಿಲ್ಲ.

"ಹಾಗಾದರೆ ಗಂಧಕ? ನಾವು ಒಣದ್ರಾಕ್ಷಿ ಶೆಡ್ಡಿನಲ್ಲಿ ಹೊಗೆ ಹಾಕುತ್ತೇವಲ್ಲ, ಅದೇನಾ? ಎಷ್ಟು ಹಾಕಬೇಕು?"

ಅದೇ ಎಂದೆ. ಶೆಡ್ಡಿನ ಹೊಗೆಗೆ ನನ್ನ ಕಣ್ಣು ಉರಿಯುತ್ತಿದ್ದುದು, ಅವ್ವ ಸೆರಗಿನಿಂದ ನನ್ನ ಮೂಗು ಮುಚ್ಚುತ್ತಿದ್ದುದು ನೆನಪಾಯಿತು. ಆ ಹೊಗೆಯನ್ನೇ ಇಲ್ಲಿನವರು ಸೊಲ್ಫೊರೋಸಾ ಎಂದು ಕರೆದು ಮಿಲಿಗ್ರಾಂಗಳಲ್ಲಿ ಅಳೆಯುತ್ತಾರೆ. ಆದರೆ ಎಷ್ಟು ಎಂಬುದಕ್ಕೆ ಒಂದು ಅಂಕಿ ಕೊಡಲು ನನ್ನಿಂದ ಆಗಲಿಲ್ಲ. ಹಣ್ಣನ್ನು ಕೇಳಬೇಕು ಎಂದೆ. ಸೆಕೆಯಲ್ಲಿ ಮಾಗುವ ದ್ರಾಕ್ಷಿ ತನ್ನ ಮ್ಯಾಲಿಕ್ ಆಮ್ಲವನ್ನು ತಾನೇ ಉರಿಸಿಕೊಳ್ಳುತ್ತದೆ, ಪಿಎಚ್ ಏರುತ್ತದೆ. ಆಗ ಗಂಧಕ ಸುರಿಯುವುದಕ್ಕಿಂತ ಮೊದಲೇ ಟಾರ್ಟಾರಿಕ್ ಆಮ್ಲ ಬೆರೆಸಿ ಪಿಎಚ್ ಇಳಿಸುವುದು ಮೇಲು. ಅಪ್ಪ ಎಲ್ಲವನ್ನೂ ಕೇಳಿಸಿಕೊಂಡರು. ಹದಿನೈದು ವರ್ಷ ನಾನು ಅವರ ಹಿಂದೆ ಸಾಲಿನಲ್ಲಿ ನಡೆದಿದ್ದೇನೆ. ಇವತ್ತು ಅವರು ನನ್ನನ್ನು ಕೇಳಿದರು.

ಅವ್ವ ಫೋನಿಗೆ ಬರಲಿಲ್ಲ. ಮಗಳು ಹೆಂಡ ಮಾಡುವುದನ್ನು ಕಲಿಯಲು ಹೋಗಿದ್ದಾಳೆ ಎಂದು ಮದುವೆಮನೆಯಲ್ಲಿ ಯಾರೋ ಅಂದರಂತೆ. ಆ ಮಾತು ನನಗೂ ಚುಚ್ಚಿದೆ, ಬರೆದರೂ ಹೋಗುತ್ತಿಲ್ಲ.

ಈ ಊರಿನ ವೈನ್ ಶಾಲೆ 1876ರದು. ಕಟ್ಟಿದವರಲ್ಲಿ ಒಬ್ಬರಾದ ಅಂತೋನಿಯೊ ಕಾರ್ಪೆನೆ ರಸಾಯನಶಾಸ್ತ್ರಜ್ಞ. ಬಳ್ಳಿ ಬೆಳೆಯುವವರ ಮಕ್ಕಳಿಗೆ ಈ ವಿದ್ಯೆ ಬೇಕೆಂದು ಅಷ್ಟು ಹಿಂದೆಯೇ ಯಾರಿಗೋ ಅನ್ನಿಸಿತ್ತಲ್ಲ ಎಂಬುದೇ ಇವತ್ತು ಧೈರ್ಯ.

ಫೋನ್ ಇಡುವಾಗ ಅಪ್ಪ ಕೇಳಿದರು: "ನಮ್ಮ ಹಣ್ಣಿನ ಹುಳಿ ಎಷ್ಟು ಇರಬಹುದು?" ಮೂವತ್ತು ವರ್ಷದ ತೋಟ, ಸಿಹಿಯನ್ನು ಮಾತ್ರ ಅಳೆದಿದ್ದೇವೆ, ಹುಳಿಯನ್ನು ಒಮ್ಮೆಯೂ ಅಲ್ಲ. ಫೆಬ್ರುವರಿಯಲ್ಲಿ ಒಂದು ಗೊಂಚಲು ಹಿಂಡಿ ನೋಡಬೇಕು. ತಮ್ಮನ ಕಾಲೇಜಿನಲ್ಲಿ ಪಿಎಚ್ ಮೀಟರ್ ಇರಬಹುದು, ಆದರೆ ಅವ್ವ ಬಿಡಬೇಕಲ್ಲ, ನಾಳೆ ಅವಳಿಗೇ ಮೊದಲು