ರಾತ್ರಿ ದೋಣಿ ಎಲ್ಲಿ ನಿಲ್ಲಿಸ್ತೀರಿ?

ಹಾಯಿದೋಣಿಯಲ್ಲಿ ಅಟ್ಲಾಂಟಿಕ್ ದಾಟಿದ್ದೇನೆ ಅಂತ ತಿಳಿದವರು ಮಾತು ಶುರುವಾದ ಐದು ನಿಮಿಷದೊಳಗೆ ಕೇಳೇ ಕೇಳುತ್ತಾರೆ: ‘ಅದೆಲ್ಲ ಸರಿ, ರಾತ್ರಿ ಹೊತ್ತು ದೋಣಿ ಎಲ್ಲಿ ನಿಲ್ಲಿಸ್ತೀರಿ?’ ಕೇಳಿದ ಮೇಲೆ ದಡ್ಡ ಪ್ರಶ್ನೆಯಾಯಿತೇನೋ ಎಂದು ಸಂಕೋಚಪಡುವವರೂ ಇದ್ದಾರೆ. ಖಂಡಿತ ದಡ್ಡ ಪ್ರಶ್ನೆಯಲ್ಲ. ದೋಣಿಯ ಮೇಲೆ ನಾವು ಉಣ್ಣುವುದು, ಮಲಗುವುದು, ಹೆದರುವುದು ಎಲ್ಲ ಇದರ ಉತ್ತರಕ್ಕೇ ಕಟ್ಟುಬಿದ್ದಿರುತ್ತದೆ.

ಎಲ್ಲೂ ನಿಲ್ಲಿಸುವುದಿಲ್ಲ. ನಮ್ಮ ದೋಣಿ 11 ಮೀಟರ್ ಉದ್ದದ್ದು, ಲಂಗರಿಗೆ 60 ಮೀಟರ್ ಸರಪಳಿ. ಲಂಗರು ತಳ ಕಚ್ಚಿ ನಿಲ್ಲಬೇಕಾದರೆ ನೀರಿನ ಆಳದ ನಾಲ್ಕು ಪಟ್ಟಾದರೂ ಸರಪಳಿ ಬಿಡಬೇಕು. ಅಂದರೆ ಹದಿನೈದು ಮೀಟರ್ ಆಳಕ್ಕೆ ನಮ್ಮ ಸರಪಳಿ ಮುಗಿಯಿತು. ನಡುಸಾಗರದಲ್ಲಿ ಕೆಳಗಿರುವುದು ನಾಲ್ಕೈದು ಸಾವಿರ ಮೀಟರ್ ನೀರು. ಕ್ಯಾನರಿ ದ್ವೀಪಗಳ ಲಾಸ್ ಪಾಲ್ಮಾಸ್‌ನಿಂದ ಕೆರಿಬಿಯನ್‌ನ ಸೇಂಟ್ ಲೂಸಿಯಾವರೆಗೆ ಸುಮಾರು 2,700 ನಾಟಿಕಲ್ ಮೈಲಿ. ನಮಗೆ 21 ದಿನ ಹಿಡಿಯಿತು. ಅಷ್ಟೂ ದಿನ, ಅಷ್ಟೂ ರಾತ್ರಿ ದೋಣಿ ಓಡುತ್ತಲೇ ಇತ್ತು. ವೇಗ ಐದೂವರೆ ನಾಟ್, ಅಂದರೆ ಗಂಟೆಗೆ ಹತ್ತು ಕಿಲೋಮೀಟರ್. ಸೈಕಲ್ ಮೇಲೆ ಆರಾಮಾಗಿ ಹೋಗುವವರೂ ನಮ್ಮನ್ನು ಹಿಂದೆ ಹಾಕುತ್ತಾರೆ!

ತಡೆದು ನಿಲ್ಲಿಸುವ ಒಂದು ಉಪಾಯ ಇದೆ ಅನ್ನಿ. ಮುಂದಿನ ಹಾಯಿಯನ್ನು ಉಲ್ಟಾ ಬದಿಗೆ ಎಳೆದು ಕಟ್ಟಿದರೆ ಅದು ದೋಣಿಯ ಮೂತಿಯನ್ನು ಗಾಳಿಯಿಂದ ಆಚೆ ತಳ್ಳುತ್ತದೆ. ಬಿಗಿದು ಕಟ್ಟಿದ ಚುಕ್ಕಾಣಿ ಅದನ್ನು ಮತ್ತೆ ಗಾಳಿಯತ್ತ ತಿರುಗಿಸುತ್ತದೆ. ಎರಡೂ ಒಂದನ್ನೊಂದು ತಡೆದು, ದೋಣಿ ಹೆಚ್ಚುಕಡಿಮೆ ನಿಂತಲ್ಲೇ ತೇಲುತ್ತದೆ. ಬಿರುಗಾಳಿಯಲ್ಲಿ ಸುಸ್ತಾದಾಗ, ಏನಾದರೂ ರಿಪೇರಿ ಮಾಡಬೇಕಾದಾಗ ಇದು ನಿಜಕ್ಕೂ ವರ. ಆದರೆ ದಿನಾ ರಾತ್ರಿ ಹೀಗೆ ನಿಂತರೆ 21 ದಿನದ ದಾರಿ 40 ದಿನವಾಗುತ್ತದೆ, ನೀರು ಊಟ ಅಷ್ಟು ದಿನ ಬರುವುದಿಲ್ಲ.

ದೋಣಿ ನಿಲ್ಲದೆ ಇದ್ದರೆ ಯಾರಾದರೂ ಎಚ್ಚರ ಇರಲೇಬೇಕಲ್ಲ. ಸಮುದ್ರದಲ್ಲಿ ಡಿಕ್ಕಿ ತಪ್ಪಿಸಲು 1972ರಲ್ಲಿ ಮಾಡಿಕೊಂಡ ಅಂತರರಾಷ್ಟ್ರೀಯ ನಿಯಮಗಳಲ್ಲಿ ಐದನೆಯದು ಇದನ್ನೇ ಹೇಳುತ್ತದೆ: ದೊಡ್ಡದಿರಲಿ ಸಣ್ಣದಿರಲಿ, ಪ್ರತಿ ನೌಕೆಯೂ ಸದಾ ಸರಿಯಾದ ಕಾವಲು ಇಟ್ಟಿರಬೇಕು. ನಾವಿದ್ದದ್ದು ಮೂವರು. ಮೂರು ಗಂಟೆ ಪಾಳಿ, ಆರು ಗಂಟೆ ಬಿಡುವು. ದಿನಕ್ಕೆ ಎಂಟು ಪಾಳಿ, ಎಂಟನ್ನು ಮೂವರಿಗೆ ಸಮನಾಗಿ ಹಂಚಲಾಗದು. ಹಾಗಾಗಿ ನಡುರಾತ್ರಿ ಹನ್ನೆರಡರಿಂದ ಮೂರರ ಪಾಳಿ ಒಂದೊಂದು ದಿನ ಒಬ್ಬೊಬ್ಬರ ಪಾಲಿಗೆ ತಾನಾಗಿಯೇ ಬರುತ್ತಿತ್ತು. ಈ ಲೆಕ್ಕ ನನಗೆ ಬಹಳ ಇಷ್ಟವಾಯಿತು. ಕಷ್ಟದ ಪಾಳಿ ಯಾರದು ಎಂದು ಒಂದು ದಿನವೂ ಜಗಳ ಬರಲಿಲ್ಲ.

ಪಾಳಿಯಲ್ಲಿ ಚುಕ್ಕಾಣಿ ಹಿಡಿದು ಕೂರುವುದೇನಿಲ್ಲ. ಹಿಂಭಾಗದಲ್ಲಿ ಗಾಳಿಪಟ್ಟಿಯ ಸಾಧನವೊಂದಿತ್ತು, ವಿದ್ಯುತ್ ಬೇಡ, ಗಾಳಿ ಬೀಸುವ ದಿಕ್ಕು ನೋಡಿಕೊಂಡು ತಾನೇ ದೋಣಿ ನಡೆಸುತ್ತದೆ. ನಮ್ಮ ಕೆಲಸ ನೋಡುವುದು. ಕಾಲು ಗಂಟೆಗೊಮ್ಮೆ ಟೈಮರ್ ಬಡಿದುಕೊಳ್ಳುತ್ತದೆ. ಎದ್ದು ನಿಂತು ದಿಗಂತವನ್ನು ಒಂದು ಸುತ್ತು ನಿಧಾನವಾಗಿ ನೋಡುವುದು. ನಮ್ಮ ದೋಣಿಯ ಕಟ್ಟೆಯ ಎತ್ತರದಿಂದ ದಿಗಂತ ಮೂರು ಮೈಲಿಯಷ್ಟೇ ದೂರ. ಹಡಗುಗಳು ಎತ್ತರ ಇರುವುದರಿಂದ ಅವುಗಳ ದೀಪ ಅದಕ್ಕೂ ಮೊದಲೇ ಕಾಣಿಸುತ್ತದೆ. ಆದರೂ ದೀಪ ಕಂಡ ಗಳಿಗೆಯಿಂದ ಹಡಗು ನಮ್ಮ ಮೇಲೆ ಬಂದುಬಿಡಲು ಇಪ್ಪತ್ತು ನಿಮಿಷ ಸಾಕಾಗಬಹುದು. ಕಾಲು ಗಂಟೆಯ ಲೆಕ್ಕ ಬಂದದ್ದು ಅಲ್ಲಿಂದ.

ಒಂಬತ್ತನೆಯ ರಾತ್ರಿ ಎರಡು ಗಂಟೆಗೆ ನನ್ನ ಪಾಳಿಯಲ್ಲಿ ಬಲಗಡೆ ಹಿಂದೆ ಒಂದು ಬಿಳಿ ಚುಕ್ಕಿ ಕಾಣಿಸಿತು. ನಕ್ಷತ್ರ ಇರಬೇಕು ಅಂದುಕೊಂಡೆ. ಐದು ನಿಮಿಷ ಬಿಟ್ಟು ನೋಡಿದರೆ ಚುಕ್ಕಿ ಎರಡಾಗಿತ್ತು. ಕೈದಿಕ್ಸೂಚಿ ಹಿಡಿದು ಅಳೆದೆ, ಮತ್ತೆ ಐದು ನಿಮಿಷಕ್ಕೆ ಅಳೆದೆ. ಅದೇ ಡಿಗ್ರಿ. ಹಡಗು ಹತ್ತಿರವಾಗುತ್ತಾ ಅದರ ದಿಕ್ಕು ಬದಲಾಗದಿದ್ದರೆ ಡಿಕ್ಕಿ ಎಂದೇ ಅರ್ಥ. ಹಡಗುಗಳು ತಮ್ಮ ಬಗ್ಗೆ ರೇಡಿಯೊದಲ್ಲಿ ಸಾರುವ ಮಾಹಿತಿಯನ್ನು ತೋರಿಸುವ ಎಐಎಸ್ ಪರದೆಯಲ್ಲಿ ಅದರ ಹೆಸರು, ವೇಗ ಎಲ್ಲ ಬಂತು: 17 ನಾಟ್, ನಮ್ಮಿಂದ ಕಾಲು ಮೈಲಿಯೊಳಗೆ ಹಾಯಲಿದೆ. ಕ್ಯಾಪ್ಟನ್‌ನ್ನು ಎಬ್ಬಿಸಿ, ರೇಡಿಯೊದ 16ನೇ ಚಾನೆಲ್‌ನಲ್ಲಿ ಹೆಸರು ಹಿಡಿದು ಕರೆದೆ. ಹಾಯಿಯಲ್ಲಿ ಓಡುವ ದೋಣಿಗೆ ಎಂಜಿನ್ ಹಡಗು ದಾರಿ ಬಿಡಬೇಕೆಂದು ನಿಯಮವೇನೋ ಇದೆ, ಆದರೆ ಅವರು ನಮ್ಮನ್ನು ನೋಡಿದ್ದಾರೆಯೇ ಅನ್ನುವುದು ಬೇರೆ ಮಾತು. ಎರಡನೇ ಸಲಕ್ಕೆ ಉತ್ತರ ಬಂತು, ನಿದ್ದೆಗಣ್ಣಿನದಲ್ಲ, ಸಮಾಧಾನದ ದನಿ: ‘ನಿಮ್ಮನ್ನು ನೋಡುತ್ತಿದ್ದೇನೆ, ನಿಮ್ಮ ಹಿಂದಿನಿಂದ ಹಾಯುತ್ತೇನೆ.’ ಹಡಗಿನ ದೀಪಗಳು ನಿಧಾನಕ್ಕೆ ತಿರುಗಿದವು. ಒಂಬತ್ತು ದಿನದಲ್ಲಿ ಹೊರಗಿನವರೊಬ್ಬರ ಮಾತು ಕೇಳಿದ್ದು ಅದೇ ಮೊದಲು. ಆ ದನಿಗೆ ನಾನು ಇವತ್ತಿಗೂ ಋಣಿ.

ಇನ್ನು ನಿದ್ದೆ. ದೋಣಿಯ ಹಾಸಿಗೆ ಕಿರಿದು. ಅದರ ತೆರೆದ ಬದಿಗೆ ದಪ್ಪ ಬಟ್ಟೆಯೊಂದನ್ನು ಎತ್ತಿ ಕಟ್ಟುತ್ತೇವೆ, ಇಲ್ಲದಿದ್ದರೆ ಹೊರಳಾಟಕ್ಕೆ ನೆಲದ ಮೇಲಿರುತ್ತೇವೆ. ವಾಣಿಜ್ಯ ಮಾರುತ ಬೀಸುವುದು ಹಿಂದಿನಿಂದ. ಪಶ್ಚಿಮಕ್ಕೆ ಹೋಗುವವರಿಗೆ ಅದು ಭಾಗ್ಯವೇ ಸರಿ, 1492ರಲ್ಲಿ ಕೊಲಂಬಸ್ ಕ್ಯಾನರಿಯ ಲಾ ಗೊಮೆರಾದಿಂದ ಹೊರಟದ್ದೂ ಇದೇ ಗಾಳಿಯ ಬೆನ್ನ ಮೇಲೆ. ಆದರೆ ಹಿಂದಿನ ಗಾಳಿಗೆ ದೋಣಿ ಎಡಕ್ಕೂ ಬಲಕ್ಕೂ ಬಿಡದೆ ಹೊರಳುತ್ತದೆ. ಆರು ಸೆಕೆಂಡಿಗೊಮ್ಮೆ ಎಂದರೂ ದಿನಕ್ಕೆ 14,400 ಸಲ. ಕಿವಿಯಿಂದ ಒಂದು ಗೇಣು ಆಚೆ, ತೆಳ್ಳನೆ ಗೋಡೆಯ ಹೊರಗೆ, ನೀರು ಓಡುವ ಸದ್ದು. ನಾಲ್ಕನೆಯ ದಿನದ ಹೊತ್ತಿಗೆ ಆ ಸದ್ದು ಬದಲಾದರೆ ಮಾತ್ರ ಎಚ್ಚರವಾಗುವಷ್ಟು ಅಭ್ಯಾಸವಾಗಿತ್ತು.

ಅಷ್ಟು ಹೊರಳಾಟದಲ್ಲಿ ಹಗ್ಗಗಳು ಉಜ್ಜಿಕೊಂಡು ಸವೆಯುತ್ತವೆ. ಹಾಗಾಗಿ ಬೆಳಕು ಹರಿದ ಕೂಡಲೇ ದೋಣಿಯ ತುದಿಯಿಂದ ತುದಿಗೆ ಒಂದು ಸುತ್ತು. ರಾತ್ರಿ ಬಂದು ಬಿದ್ದ ಹಾರುಮೀನುಗಳು ಅಲ್ಲಲ್ಲಿ ಒಣಗಿರುತ್ತವೆ. ಅವನ್ನು ಎತ್ತಿ ಹಾಕುತ್ತಾ ಪ್ರತಿ ಹಗ್ಗವನ್ನೂ ಬೆರಳಲ್ಲಿ ಸವರಿ ನೋಡುವುದು. ಒಂದು ಬೆಳಗ್ಗೆ ಮುಂದಿನ ಹಾಯಿಯ ಹಗ್ಗ ರಾಟೆಯ ಬಳಿ ಅರ್ಧ ಹರಿದು, ಒಳಗಿನ ಬಿಳಿ ನಾರು ಹತ್ತಿಯ ಹಾಗೆ ಹೊರಬಂದಿತ್ತು. ಇನ್ನೊಂದು ರಾತ್ರಿ ಬಿಟ್ಟಿದ್ದರೆ ಹಾಯಿ ನೀರಿಗೆ.

ಅಡುಗೆ, ಪಾತ್ರೆ ತೊಳೆಯುವುದು, ಓದುವುದು ಎಲ್ಲ ಉಳಿದ ಹೊತ್ತಿನಲ್ಲಿ. ಪಾತ್ರೆಗೆ ಸಮುದ್ರದ ನೀರು, ಕುಡಿಯಲು ಮಾತ್ರ ಸಿಹಿನೀರು.

ರಾತ್ರಿಯ ಒಂದು ನಿಯಮವನ್ನು ಮಾತ್ರ ಯಾರೂ ಮೀರುವಂತಿರಲಿಲ್ಲ. ಕ್ಯಾಬಿನ್ನಿನ ಬಾಗಿಲು ದಾಟುವ ಮೊದಲೇ ಸೊಂಟದ ಪಟ್ಟಿಯ ಕೊಂಡಿಯನ್ನು ದೋಣಿಗೆ ಸಿಕ್ಕಿಸಬೇಕು. ಇನ್ನೊಬ್ಬರನ್ನು ಎಬ್ಬಿಸದೆ ಮುಂದಿನ ತುದಿಗೆ ಹೋಗಬಾರದು. ಆರು ನಾಟ್ ವೇಗದಲ್ಲಿ ದೋಣಿ ಒಂದು ನಿಮಿಷಕ್ಕೆ 185 ಮೀಟರ್ ಮುಂದೆ ಹೋಗಿರುತ್ತದೆ. ಕತ್ತಲಲ್ಲಿ ನೀರಿಗೆ ಬಿದ್ದವರ ತಲೆ ಆ ದೂರಕ್ಕೆ ಕಾಣುವುದಿಲ್ಲ. ಮಲಗಿದವರನ್ನು ಎಬ್ಬಿಸಲು ಸಂಕೋಚಪಡುವವರ ಜೊತೆ ನಾನು ಸಾಗರ ದಾಟಲಾರೆ.

ಇಪ್ಪತ್ತೊಂದನೆಯ ದಿನ ಸಂಜೆ ಸೇಂಟ್ ಲೂಸಿಯಾದ ರಾಡ್ನಿ ಕೊಲ್ಲಿಯಲ್ಲಿ, ಏಳು ಮೀಟರ್ ನೀರಿನಲ್ಲಿ ಲಂಗರು ಬಿಟ್ಟೆವು. ಸರಪಳಿ ಬಿಗಿಯಾಗುವುದನ್ನು ಕಾಲಿನಿಂದ ಒತ್ತಿ ನೋಡಿ ಮೂವರೂ ಮಲಗಿದೆವು. ಮೂರು ಗಂಟೆಗೆ ನನಗೆ ಎಚ್ಚರವಾಯಿತು, ನೀರಿನ ಸದ್ದೇ ಇರಲಿಲ್ಲ. ಹೊರಗೆ ಬಂದು ನೋಡಿದರೆ ಕ್ಯಾಪ್ಟನ್ ಆಗಲೇ ಎದ್ದು ಕೂತು ದಡದ ದೀಪಗಳನ್ನು ನೋಡುತ್ತಿದ್ದರು.