ಜಟಕಾ ಕುದುರೆಯ ಹಿಂಗಾಲಿನ ಹುಣ್ಣು: ಇಲ್ಲಿಯವರೆಗಿನ ಆರೈಕೆ

ಸೆಪ್ಟೆಂಬರ್ ಆರಂಭ

ಚಾಂದನಿ ನನ್ನ ಕುದುರೆಯಲ್ಲ. ಮೈಸೂರು ಅರಮನೆಯ ಸುತ್ತ ಪ್ರವಾಸಿಗರನ್ನು ಕರೆದೊಯ್ಯುವ ಜಟಕಾದ್ದು. ಬಿಡುವಿದ್ದಾಗ ಅದರ ಮೈ ಉಜ್ಜಿ, ಗೊರಸು ಶುಚಿ ಮಾಡುವಷ್ಟು ಸಲುಗೆಯನ್ನು ಯಜಮಾನರಾದ ಚಾಚಾ ನನಗೆ ಕೊಟ್ಟಿದ್ದಾರೆ. ಈ ಸಲ ಗೊರಸು ಎತ್ತಲು ಹೋದರೆ ಕಾಲನ್ನು ಸರಕ್ಕನೆ ಎಳೆದುಕೊಂಡಿತು. ಬಿಳಿ ಕೂದಲಿನ ಎರಡು ಹಿಂಗಾಲುಗಳಲ್ಲೂ ಗೊರಸಿನ ಮೇಲಿನ ಮಡಿಕೆಯಲ್ಲಿ ಕೂದಲು ಗಂಟುಗಂಟಾಗಿತ್ತು. ಮುಟ್ಟಿದರೆ ಬಿಸಿ. ಒಂದು ಹಕ್ಕಳೆ ತಾನಾಗಿಯೇ ಕಳಚಿ ಬಂತು. ಅದರ ಅಡಿಯಲ್ಲಿ ಹಳದಿ ಕೀವು. ಕೂದಲಿನ ಬುಡಗಳು ಬಣ್ಣ ಹಚ್ಚುವ ಕುಂಚದ ಹಾಗೆ ಒಂದಾಗಿ ನಿಂತಿದ್ದವು.

ಚಾಚಾ ಬೇವಿನೆಣ್ಣೆ ಹಚ್ಚುತ್ತಿದ್ದರು. ವೈದ್ಯರನ್ನು ಕರೆಸೋಣವೇ ಎಂದು ಕೇಳಿದೆ. "ದಸರಾ ಬಂದೇಬಿಟ್ಟಿತಲ್ಲಮ್ಮಾ, ಗಾಡಿ ನಿಲ್ಲಿಸಿ ಎಂದುಬಿಟ್ಟರೆ ಏನು ಮಾಡಲಿ?" ಎಂದರು. ಅವರ ಸಂಪಾದನೆಯ ಕಾಲ ಅದು. ಆ ಆತಂಕ ನ್ಯಾಯವಾದದ್ದೇ. ಸಾಕಿದವರು ಒಪ್ಪದೆ ಅವರ ಪ್ರಾಣಿಗೆ ಹತ್ತಿಯ ಉಂಡೆಯನ್ನೂ ಮುಟ್ಟಿಸಬಾರದು ಎಂಬುದು ನನ್ನ ನಿಲುವು. ಹಾಗಾಗಿ ವಾದ ಮಾಡದೆ, ಆ ಹಕ್ಕಳೆಯನ್ನು ಕಾಗದದ ಮೇಲಿಟ್ಟು ತಿರುಗಿಸಿ ತೋರಿಸಿದೆ. ಮರುದಿನ ಅವರೇ ವೈದ್ಯರಿಗೆ ಫೋನ್ ಮಾಡಿದರು.

ವೈದ್ಯರು ಬಂದ ದಿನ

ಮಡ್ ಫೀವರ್, ಅಂದರೆ ಕೆಸರು-ಒದ್ದೆಯಿಂದ ಕಾಲಿನ ಚರ್ಮಕ್ಕೆ ಬರುವ ಸೋಂಕು. ಡರ್ಮಟೋಫೈಲಸ್ ಕಾಂಗೊಲೆನ್ಸಿಸ್ ಎಂಬ ಬ್ಯಾಕ್ಟೀರಿಯಾದ ಕೆಲಸ. ಗಟ್ಟಿಯಾದ ಚರ್ಮದೊಳಗೆ ಅದಕ್ಕೆ ದಾರಿಯಿಲ್ಲ. ಸದಾ ಒದ್ದೆಯಾಗಿ ಮೆತ್ತಗಾದ, ಕೆಸರಿನ ಮರಳು ತಿಕ್ಕಿ ಗೀರು ಬಿದ್ದ ಚರ್ಮ ಸಿಕ್ಕರೆ ಸಾಕು. ಬಿಳಿ ಕೂದಲಿನಡಿಯ ಗುಲಾಬಿ ಚರ್ಮಕ್ಕೆ ಈ ಕಾಟ ಹೆಚ್ಚು. ಕಜ್ಜಿಯ ನುಸಿಯೂ ಇಂಥದ್ದೇ ಹುಣ್ಣು ಮಾಡುವುದರಿಂದ ಚರ್ಮ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದರು; ನುಸಿ ಇರಲಿಲ್ಲ. ಕಾಲು ಊದಿಕೊಂಡಿಲ್ಲ, ಕುಂಟುವುದಿಲ್ಲ, ಮೇವು ಬಿಟ್ಟಿಲ್ಲ. ಆದ್ದರಿಂದ ಆಂಟಿಬಯೋಟಿಕ್ ಸದ್ಯಕ್ಕೆ ಬೇಡ ಎಂದರು. ಧನುರ್ವಾಯು ಲಸಿಕೆ ಬಾಕಿಯಿತ್ತು, ಹಾಕಿದರು. ಹುಣ್ಣು ಮಾಯುವವರೆಗೆ ಗಾಡಿಗೆ ಕಟ್ಟುವಂತಿಲ್ಲ. ಚಾಚಾ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಗಲಿ" ಎಂದರು.

ಮೊದಲ ತೊಳೆತಗಳು

ಈ ಸೋಂಕು ಮನುಷ್ಯರಿಗೂ ತಗಲಬಹುದು, ಹಾಗಾಗಿ ಕೈಗವಸು ಕಡ್ಡಾಯ. ಚಾಚಾ ತಲೆಯ ಬಳಿ ನಿಂತು ಬೇಯಿಸಿದ ಹುರಳಿ ತಿನ್ನಿಸುತ್ತಿದ್ದರೆ, ನಾನು ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಗಂಟುಕಟ್ಟಿದ ಕೂದಲನ್ನು ಕತ್ತರಿಸಿದೆ. ಆಮೇಲೆ ಉಗುರುಬೆಚ್ಚಗಿನ ನೀರು, ಕ್ಲೋರ್‌ಹೆಕ್ಸಿಡಿನ್ ಎಂಬ ರೋಗಾಣುನಾಶಕವಿರುವ ಶಾಂಪೂ. ನೊರೆಯನ್ನು ಹತ್ತು ನಿಮಿಷ ಹಾಗೆಯೇ ಬಿಡಬೇಕು, ಔಷಧಿ ಕೆಲಸ ಮಾಡುವುದು ಆಗಲೇ. ನೆನೆದು ಸಡಿಲವಾದ ಹಕ್ಕಳೆಗಳನ್ನು ಮಾತ್ರ ಬಿಡಿಸಿದೆ. ಒಣಗಿದ್ದನ್ನು ಉಗುರಿನಿಂದ ಕೀಳುವುದು ಹಿಂಸೆ. ಮರುದಿನ ಕುದುರೆ ಕಾಲು ಕೊಡುವುದಿಲ್ಲ. ಕಿತ್ತ ಹಕ್ಕಳೆಗಳಲ್ಲಿ ರೋಗಾಣು ಬಹುಕಾಲ ಬದುಕಿರುವುದರಿಂದ ಎಲ್ಲವನ್ನೂ ಕಾಗದದಲ್ಲಿ ಸುತ್ತಿ ಸುಟ್ಟೆವು.

ಹೆಚ್ಚು ಹೊತ್ತು ಹಿಡಿಯುವುದು ಒರೆಸುವುದಕ್ಕೆ. ಚಾಚಾರ ಹಳೆಯ ಹತ್ತಿಯ ಲುಂಗಿಯನ್ನು ತುಂಡು ಮಾಡಿಕೊಂಡಿದ್ದೇವೆ. ತಿಕ್ಕದೆ, ಮಡಿಕೆಯೊಳಗೆ ಬಟ್ಟೆ ಇಟ್ಟು ಒತ್ತಿ ಹಿಡಿಯಬೇಕು. ಬಟ್ಟೆಗೆ ಪಸೆ ಹತ್ತುವುದು ನಿಲ್ಲುವವರೆಗೆ ತುಂಡು ಬದಲಿಸುತ್ತಿರಬೇಕು. ಅಷ್ಟು ತಾಳ್ಮೆಯಿಲ್ಲದಿದ್ದರೆ ತೊಳೆಯದಿರುವುದೇ ಮೇಲು.

ಸೆಪ್ಟೆಂಬರ್ ನಡುವೆ

ಕೀವು ನಿಂತಿದೆ. ಈಗ ತೊಳೆಯುವುದು ವಾರಕ್ಕೆರಡು ಬಾರಿ ಮಾತ್ರ. ಸಂಜೆ ಮಳೆ ಮಾತ್ರ ಬಿಟ್ಟಿಲ್ಲ, ಲಾಯದ ನೆಲ ಉಚ್ಚೆ ನೀರಿನಿಂದ ಪಚಪಚ ಎನ್ನುತ್ತಿತ್ತು. ಚಾಚಾರ ಮಗ ಒದ್ದೆ ಹುಲ್ಲನ್ನೆಲ್ಲ ತೆಗೆದು, ನೀರು ಹೊರಗೆ ಹರಿಯಲು ಕಾಲುವೆ ಮಾಡಿ, ಸಾಮಿಲ್ಲಿನಿಂದ ಒಣ ಮರದ ಹೊಟ್ಟು ತಂದು ಹಾಸಿದ. ನನ್ನ ಶಾಂಪೂವಿಗಿಂತ ಅವನ ಕೆಲಸವೇ ಹೆಚ್ಚು ಗುಣ ಕೊಟ್ಟಿದೆ ಎಂದು ನಾನು ನಂಬುತ್ತೇನೆ.

ಎಣ್ಣೆಯ ವಿಚಾರವನ್ನು ಚಾಚಾ ವೈದ್ಯರ ಬಳಿ ಮತ್ತೆ ಎತ್ತಿದರು. ಹಸಿ ಹುಣ್ಣಿನ ಮೇಲೆ ಜಿಡ್ಡು ಬಳಿದರೆ ತೇವ ಒಳಗೇ ಉಳಿಯುತ್ತದೆ. ಮಾಯ್ದು ಪೂರ್ತಿ ಒಣಗಿದ ಚರ್ಮಕ್ಕೆ, ಕೆಸರಿಗಿಳಿಯುವ ಮೊದಲು ತೆಳ್ಳಗೆ ಹಚ್ಚಿದರೆ ನೀರಿಗೆ ಅಡ್ಡವಾಗುತ್ತದೆ ಎಂದು ಅವರು ವಿವರಿಸಿದರು. ಚಾಚಾರಿಗೆ ಸಮಾಧಾನವಾಯಿತು, ನನಗೂ.

ಈ ವಾರ

ಬಲಗಾಲು ಪೂರ್ತಿ ಮಾಯ್ದು, ಮೊಳಕೆ ಕೂದಲು ಬರುತ್ತಿದೆ. ಎಡಗಾಲಿನ ಹೊರಬದಿಯಲ್ಲಿ ಒಂದು ಬಿರುಕು ಉಳಿದಿದೆ, ನಡೆದಾಗ ಬಾಯಿ ಬಿಡುತ್ತದೆ. ವೈದ್ಯರು ಮತ್ತೊಮ್ಮೆ ಬಂದು ನೋಡುವವರೆಗೆ ಗಾಡಿ ಬೇಡವೆಂದು ಚಾಚಾ ತಾವಾಗಿಯೇ ಹೇಳಿದ್ದಾರೆ. ಅಲ್ಲಿಯತನಕ ಬೆಳಿಗ್ಗೆ ಒಣನೆಲದಲ್ಲಿ ಕೈಹಿಡಿದು ನಡೆಸುವುದು, ಹಿಂದಿರುಗಿದ ಮೇಲೆ ನಾಲ್ಕು ಕಾಲುಗಳನ್ನೂ ಬೆರಳಾಡಿಸಿ ನೋಡುವುದು.