ಘಟ್ಟ ಇಳಿದ 14 ಪಟಗಳು

ಕಳೆದ ವರ್ಷ ಜೂನ್ ತಿಂಗಳಲ್ಲಿ ಯಜಮಾನರಿಗೆ ವರ್ಗವಾಗಿ ಮೈಸೂರಿನಿಂದ ಮಂಗಳೂರಿಗೆ ಮನೆ ಬದಲಿಸಬೇಕಾಗಿ ಬಂದಾಗ, ಬೀರು, ಮಂಚ, ಪಾತ್ರೆ-ಪಡಗಗಳ ಬಗ್ಗೆ ನಾವು ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ನಿದ್ದೆಗೆಡಿಸಿದ್ದು ಗೋಡೆಯ ಮೇಲೆ ತೂಗುತ್ತಿದ್ದ, ಕಟ್ಟು ಹಾಕಿಸಿದ 14 ಪಟಗಳು. ಅವುಗಳಲ್ಲಿ ಅತ್ತೆಯವರ ತವರಿನಿಂದ ಬಂದ ಮೈಸೂರು ಶೈಲಿಯ ಶ್ರೀರಾಮ ಪಟ್ಟಾಭಿಷೇಕವಿತ್ತು, ರವಿವರ್ಮ ಮುದ್ರಣಾಲಯದ ಒಂದು ಲಕ್ಷ್ಮಿಯ ಪಟವಿತ್ತು, ಮಾವನವರ ಮದುವೆಯ ಕಪ್ಪು-ಬಿಳುಪು ಫೋಟೊ ಇತ್ತು, ಗಾಜಿಲ್ಲದೆ ಬರಿಯ ಕ್ಯಾನ್ವಾಸಿನ ಮೇಲಿದ್ದ ಒಂದು ತೈಲಚಿತ್ರವೂ ಇತ್ತು.

ಆ ತೈಲಚಿತ್ರದ ಕೆಳಮೂಲೆಯಲ್ಲಿ, ಬೆಳಕಿಗೆ ಓರೆಯಾಗಿ ಹಿಡಿದರೆ ಕಾಣುವಂತೆ, ಹೆಸರುಕಾಳಿಗಿಂತ ತುಸು ದೊಡ್ಡದಾದ ವೃತ್ತಗಳು ಸಾಲುಸಾಲಾಗಿ ಮೂಡಿವೆ. ಅದು ನನ್ನದೇ ತಪ್ಪು. ಹಿಂದೊಮ್ಮೆ ಮನೆ ಬದಲಿಸಿದಾಗ ಬಬಲ್ ರ‍್ಯಾಪನ್ನು ಗುಳ್ಳೆಗಳು ಒಳಮುಖವಾಗಿರುವಂತೆ ನೇರವಾಗಿ ಬಣ್ಣದ ಮೇಲೆಯೇ ಸುತ್ತಿ, ಬೇಸಿಗೆಯ ಮೂರು ತಿಂಗಳು ಹಾಗೆಯೇ ಅಟ್ಟದ ಮೇಲಿಟ್ಟಿದ್ದೆ. ಸೆಕೆಗೆ ಮೆತ್ತಗಾದ ವಾರ್ನಿಷಿನ ಮೇಲೆ ಗುಳ್ಳೆಗಳು ತಮ್ಮ ಅಚ್ಚನ್ನು ಒತ್ತಿದ್ದವು. ಪಟ ಸಾಗಿಸುವುದೆಂದರೆ ಗಾಜು ಒಡೆಯದಂತೆ ನೋಡಿಕೊಳ್ಳುವುದು ಎಂದೇ ಎಲ್ಲರೂ ಭಾವಿಸಿರುತ್ತೇವೆ. ಚಿತ್ರದ ಮೈಗೆ ಏನು ತಾಗುತ್ತದೆ, ಅದರ ಸುತ್ತ ಎಷ್ಟು ತೇವ ನಿಲ್ಲುತ್ತದೆ ಎಂಬುದೇ ಮೊದಲು ನೋಡಬೇಕಾದದ್ದು ಎಂದು ನನಗೆ ಮನವರಿಕೆಯಾದದ್ದು ಆಗ.

ಹೊರಡುವ ವಾರಕ್ಕೆ ಮುಂಚೆ ಪಟ್ಟಾಭಿಷೇಕವನ್ನು ನಮಗೆ ಹಲವು ವರ್ಷಗಳಿಂದ ಕಟ್ಟು ಹಾಕಿಕೊಡುತ್ತಿದ್ದ ಹಿರಿಯರ ಬಳಿ ಒಯ್ದೆ. ಮೈಸೂರು ಶೈಲಿಯ ಚಿತ್ರಗಳಲ್ಲಿ ಕಿರೀಟ, ಹಾರ, ಸೀರೆಯಂಚುಗಳ ಭಾಗವನ್ನು ಗೆಸ್ಸೊ ಎಂಬ ಲೇಪದಿಂದ ತುಸುವೇ ಉಬ್ಬಿಸಿ, ಅದರ ಮೇಲೆ ಚಿನ್ನದ ರೇಕನ್ನು ಅಂಟಿಸಿರುತ್ತಾರೆ. ತಂಜಾವೂರಿನ ಚಿತ್ರಗಳಷ್ಟು ದಪ್ಪನಾದ ಉಬ್ಬು ಇಲ್ಲಿರುವುದಿಲ್ಲವಾದರೂ, ಹಳೆಯದಾದಂತೆ ಈ ಲೇಪವೂ ಪೆಡಸಾಗಿ, ಒತ್ತಡ ಬಿದ್ದಲ್ಲಿ ಬಿರುಕು ಬಿಡುತ್ತದೆ. ನಮ್ಮ ಪಟದಲ್ಲಿ ಗಾಜು ಯಾವ ಅಂತರವೂ ಇಲ್ಲದೆ ರೇಕಿನ ಮೇಲೆಯೇ ಕುಳಿತಿತ್ತು. ಮೇಲಿಂದ ಹಗ್ಗ ಬಿಗಿದರೂ ಸಾಕು, ಆ ಬಿಗಿ ನೇರವಾಗಿ ಸೀತಮ್ಮನವರ ಒಡ್ಯಾಣದ ಮೇಲೆಯೇ ಬೀಳುತ್ತಿತ್ತು. ಹಿರಿಯರು ಹಿಂಬದಿಯ ಮೊಳೆಗಳನ್ನು ಒಂದೊಂದಾಗಿ ಕಿತ್ತು, ಗಾಜಿಗೂ ಚಿತ್ರಕ್ಕೂ ನಡುವೆ ನಾಲ್ಕು ಬದಿಗೂ ತೆಳುವಾದ ಮರದ ಪಟ್ಟಿ ಕೂರಿಸಿ ಮರಳಿ ಕಟ್ಟು ಹಾಕಿದರು. “ಗಾಜು ಹೋದ್ರೆ ಹೋಗ್ಲಿ ಮೇಡಂ, ಬೇರೆ ಹಾಕ್ಕೊಡ್ತೀನಿ. ರೇಕು ಉಜ್ಜಿ ಹೋದ್ರೆ ನಾನೇನ್ ಮಾಡ್ಲಿ?” ಎಂದರು.

ಹಾಗೆಂದು ಗಾಜನ್ನು ಕಡೆಗಣಿಸುವಂತಿಲ್ಲ. ಎರಡು ಮಿಲಿಮೀಟರ್ ದಪ್ಪದ ಗಾಜು ಚದರ ಮೀಟರಿಗೆ ಸುಮಾರು 5 ಕಿಲೊ ತೂಗುತ್ತದೆ; ಎರಡಡಿ ಅಗಲ, ಮೂರಡಿ ಎತ್ತರದ ಪಟದಲ್ಲಿ ಗಾಜೊಂದೇ ಮೂರು ಕಿಲೊ ಹತ್ತಿರವಿರುತ್ತದೆ. ಮಲಗಿಸಿದರೆ ಈ ಭಾರವೇ ಗಾಜನ್ನು ನಡುವೆ ಬಾಗಿಸುತ್ತದೆ, ಅದರ ಮೇಲೆ ಇನ್ನೊಂದು ಪೆಟ್ಟಿಗೆ ಬಿದ್ದರೆ ಕೇಳುವುದೇ ಬೇಡ. ಗಾಜಿನ ಮೇಲೆ ಮೂಲೆಯಿಂದ ಮೂಲೆಗೆ ಗುಣಾಕಾರದ ಚಿಹ್ನೆಯಂತೆ ಮಾಸ್ಕಿಂಗ್ ಟೇಪ್ ಅಂಟಿಸುವುದು ಒಡೆಯದಿರಲಿ ಎಂದಲ್ಲ, ಒಡೆದರೂ ಚೂರುಗಳು ಕಳಚಿ ಚಿತ್ರವನ್ನು ಗೀರದಿರಲಿ ಎಂದು. ಟೇಪು ಚೌಕಟ್ಟಿನ ಬಣ್ಣಕ್ಕೆ ತಾಗಬಾರದು, ತಾಗಿದರೆ ಕೀಳುವಾಗ ಬಣ್ಣವೂ ಜೊತೆಗೆ ಬರುತ್ತದೆ. ಗಾಜಿನ ಬದಲು ಅಕ್ರಿಲಿಕ್ ಹಾಳೆ ಇದ್ದರೆ ಟೇಪಿನ ಅಗತ್ಯವೇ ಇಲ್ಲ.

ಉಳಿದ ಕಟ್ಟುವಿಕೆಯನ್ನು ನಾವೇ ಮಾಡಿದೆವು. ಮೊದಲು ಪ್ರತಿಯೊಂದು ಪಟದ ಮುಂಭಾಗ, ಹಿಂಭಾಗ ಮತ್ತು ನಾಲ್ಕು ಮೂಲೆಗಳ ಫೋಟೊ ತೆಗೆದುಕೊಂಡೆವು; ಮುಂದೆ ಹಾನಿಯ ಬಗ್ಗೆ ಮಾತು ಬಂದರೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇರೆ ಇಲ್ಲ. ಹಿಂಬದಿಯ ಕೊಕ್ಕೆ, ತಂತಿಗಳನ್ನು ಬಿಚ್ಚಿ, ಹೆಸರು ಬರೆದ ಲಕೋಟೆಗಳಲ್ಲಿ ಹಾಕಿಟ್ಟೆವು, ಏಕೆಂದರೆ ಪಕ್ಕದ ಪಟವನ್ನು ಗೀರುವುದು ಸಾಮಾನ್ಯವಾಗಿ ಈ ಕೊಕ್ಕೆಗಳೇ. ತೈಲಚಿತ್ರದ ಮುಂದೆ ರಟ್ಟಿನ ಚೌಕವೊಂದನ್ನು ಬಣ್ಣಕ್ಕೆ ತಾಗದಂತೆ ಚೌಕಟ್ಟಿನ ಅಂಚಿಗಷ್ಟೇ ಕೂರಿಸಿದೆವು. ಎಲ್ಲಕ್ಕೂ ಬಟರ್ ಪೇಪರ್, ಅದರ ಮೇಲೆ ಗುಳ್ಳೆಗಳು ಹೊರಮುಖವಾಗಿರುವಂತೆ ಬಬಲ್ ರ‍್ಯಾಪ್, ಮೂಲೆಗಳಿಗೆ ಮಡಿಸಿದ ರಟ್ಟು. ವೃತ್ತಪತ್ರಿಕೆಯ ಶಾಯಿ ಮೈಗೆ ಹತ್ತುವುದರಿಂದ ಅದನ್ನು ಪೆಟ್ಟಿಗೆಯ ಸಂದು ತುಂಬಲು ಮಾತ್ರ ಬಳಸಿದೆವು. ಕಟ್ಟಿ ಮುಗಿಸಿದ ಪೆಟ್ಟಿಗೆಯನ್ನು ಮೆಲ್ಲಗೆ ಅಲುಗಿಸಿದಾಗ ಒಳಗೆ ಸದ್ದಾದರೆ ಬಿಚ್ಚಿ ಮತ್ತೆ ತುಂಬಬೇಕು. ನಮ್ಮದರಲ್ಲಿ ಎರಡನ್ನು ಹಾಗೆ ಬಿಚ್ಚಬೇಕಾಯಿತು.

ಲಾರಿ ಬಂದ ದಿನ ನಾನು ಒಳಗೆ ಅಕ್ಕಿ ಡಬ್ಬ ಕಟ್ಟುತ್ತಿದ್ದೆ. ಹೊರಗೆ ಬಂದು ನೋಡಿದರೆ, “ಗಾಜು, ನಿಲ್ಲಿಸಿ ಇಡಿ” ಎಂದು ಎರಡೂ ಬದಿಯಲ್ಲಿ ದಪ್ಪಕ್ಷರದಲ್ಲಿ ಬರೆದಿದ್ದ ಪೆಟ್ಟಿಗೆ ಅಂಗಾತ ಮಲಗಿತ್ತು, ಅದರ ಮೇಲೆ ಒರಳಿನ ಕಲ್ಲು ಇಡಲು ಹುಡುಗನೊಬ್ಬ ಜಾಗ ಮಾಡುತ್ತಿದ್ದ. “ಅಕ್ಕಾ, ಮಲಗ್ಸಿದ್ರೆ ಬೀಳಲ್ಲ ಅಲ್ವಾ?” ಎಂದು ಆತ ಕೇಳಿದ್ದರಲ್ಲಿ ತರ್ಕವಿತ್ತು, ಬೈಯಲು ಬಾಯಿ ಬರಲಿಲ್ಲ. ಕೊನೆಗೆ ಎಲ್ಲ ಪಟಗಳನ್ನೂ ಲಾರಿಯ ಪಕ್ಕದ ಗೋಡೆಗೆ ಒರಗಿಸಿ, ಮುಖಕ್ಕೆ ಮುಖ, ಬೆನ್ನಿಗೆ ಬೆನ್ನು ಬರುವಂತೆ, ಎರಡು ಹಾಸಿಗೆಗಳ ನಡುವೆ ನಿಲ್ಲಿಸಿದೆವು. ಹೀಗೆ ಗಾಡಿ ಸಾಗುವ ದಿಕ್ಕಿಗೆ ಸಮಾನಾಂತರವಾಗಿ ನಿಂತ ಪಟಗಳ ಮೈಯ ಮೇಲೆ ಬ್ರೇಕ್ ಹಾಕಿದಾಗಲೆಲ್ಲ ಹಿಂದಿನ ಸಾಮಾನಿನ ಭಾರ ಬಂದು ಬೀಳುವುದಿಲ್ಲ. ಸಂಪಾಜೆ ಘಟ್ಟದ ತಿರುವುಗಳನ್ನು ನೆನೆದರೆ ಅಷ್ಟು ಎಚ್ಚರಿಕೆ ಹೆಚ್ಚೇನೂ ಅಲ್ಲ.

ಮಂಗಳೂರು ತಲುಪಿದ ರಾತ್ರಿ ಜೋರು ಮಳೆ. ಒಂದಾದರೂ ಬಿಚ್ಚಿ ನೋಡೋಣ ಎಂದು ಅತ್ತೆಯವರು ಮೂರು ಬಾರಿ ಹೇಳಿದರೂ ನಾನು ಒಪ್ಪಲಿಲ್ಲ. ಮಡಿಕೇರಿಯ ತಂಪಿನಲ್ಲಿ ಹಾದು ಬಂದ ಗಾಜನ್ನು ಕರಾವಳಿಯ ಬೆಚ್ಚನೆಯ ತೇವದ ಗಾಳಿಗೆ ಒಮ್ಮೆಲೇ ಒಡ್ಡಿದರೆ ಅದು ಬೆವರುತ್ತದೆ, ಒಳಬದಿಯಲ್ಲಿ ಬೆವರಿದರೆ ಆ ನೀರು ಕಾಗದಕ್ಕೇ ಇಳಿಯುತ್ತದೆ. ಮರುದಿನ ಸಂಜೆ ಪೆಟ್ಟಿಗೆ ತೆರೆದು, ಪ್ಲಾಸ್ಟಿಕ್ಕನ್ನೆಲ್ಲ ಮೊದಲು ತೆಗೆದೆವು, ಏಕೆಂದರೆ ಈ ಊರಿನ ಮಳೆಗಾಲದಲ್ಲಿ ಪ್ಲಾಸ್ಟಿಕ್ಕಿನೊಳಗೆ ಸಿಕ್ಕ ತೇವಕ್ಕೆ ಬೂಷ್ಟು ಹಿಡಿಯಲು ಹೆಚ್ಚು ದಿನ ಬೇಡ.

ಪಟ್ಟಾಭಿಷೇಕದ ರೇಕಿಗೆ ಏನೂ ಆಗಿರಲಿಲ್ಲ. ಲಕ್ಷ್ಮಿಯ ಪಟದ ಗಾಜು ಒಂದು ಮೂಲೆಯಲ್ಲಿ ಸೀಳಿತ್ತು, ಚೂರುಗಳು ಟೇಪಿಗೆ ಅಂಟಿಕೊಂಡೇ ಇದ್ದವು. ಮಾವನವರ ಮದುವೆಯ ಫೋಟೊ ಮಾತ್ರ ಎಂದೋ ಗಾಜಿಗೆ ಅಂಟಿಕೊಂಡಿದ್ದುದು ಈಗ ಕಣ್ಣಿಗೆ ಬಿತ್ತು. ಎಳೆದರೆ ಚಿತ್ರದ ಪದರವೇ ಗಾಜಿನಲ್ಲಿ ಉಳಿದುಬಿಡುವುದರಿಂದ, ಗಾಜಿನ ಸಮೇತ ಒಳ್ಳೆಯದೊಂದು ಸ್ಕ್ಯಾನ್ ಮಾಡಿಸಿ, ಅದನ್ನು ಹಾಗೆಯೇ ನಡುಮನೆಯ ಒಳಗೋಡೆಗೆ, ಹಿಂದೆ ಗಾಳಿಯಾಡಲೆಂದು ನಾಲ್ಕು ಮೂಲೆಗೂ ಬಾಟಲಿಯ ಬಿರಡೆಯ ಚೂರು ಅಂಟಿಸಿ ತೂಗುಹಾಕಿದ್ದೇವೆ.